ಮುದ್ದೆ ತಿಂದರೂ ಗೋಧಿ ಹೊಟ್ಟೆ ಸೇರುತ್ತಿತ್ತು: ನನ್ನ ಅನುಭವ

ನನಗೀಗ 27. ಹದಿನಾಲ್ಕಕ್ಕೆ ಟೈಪ್ 1 ಶುಗರ್, ಹತ್ತೊಂಬತ್ತಕ್ಕೆ ಥೈರಾಯ್ಡ್, ಇಪ್ಪತ್ತನಾಲ್ಕಕ್ಕೆ ಸೀಲಿಯಾಕ್, ಅಂದ್ರೆ ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಅಂಶ ಕರುಳನ್ನ ಕೆಡಿಸೋ ಕಾಯಿಲೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ. ಟಿಎಸ್‌ಎಚ್ ಅಂದ್ರೆ ಥೈರಾಯ್ಡ್ ನೋಡೋ ರಕ್ತಪರೀಕ್ಷೆ, ಟಿಟಿಜಿ ಅಂದ್ರೆ ಸೀಲಿಯಾಕ್ ನೋಡೋ ರಕ್ತಪರೀಕ್ಷೆ, ನನ್ನಂಥೋರಿಗೆ ಎರಡೂ ಏರಿದ್ರೆ ತೊಂದರೆ. ನೇರ ವಿಷಯಕ್ಕೆ ಬರ್ತೀನಿ.

ಎರಡು ವರ್ಷದಲ್ಲಿ ಥೈರಾಯ್ಡ್ ಮಾತ್ರೆ 75 ಮೈಕ್ರೋಗ್ರಾಂನಿಂದ 100, 125, ಕೊನೆಗೆ 150 ಆಯ್ತು. ಟಿಎಸ್‌ಎಚ್ ಮಾತ್ರ ಹದಿನಾಲ್ಕರ ಆಸುಪಾಸಿನಿಂದ ಕದಲಲಿಲ್ಲ. ಇನ್ಸುಲಿನ್ ಹಾಕಿ ಊಟ ಮಾಡಿದ ಗಂಟೆಗೆಲ್ಲ ಶುಗರ್ 60ಕ್ಕೆ ಬೀಳೋದು, ರಾತ್ರಿ 300 ದಾಟೋದು. ಹಿಮೋಗ್ಲೋಬಿನ್ ಎಂಟು. "ಮಾತ್ರೆ ನುಂಗ್ತಿದೀಯೋ ಬಿಸಾಕ್ತಿದೀಯೋ?" ಅಂತ ಒಬ್ಬ ಡಾಕ್ಟರು ಗದರಿದ್ದು ಇವತ್ತಿಗೂ ಚುಚ್ಚುತ್ತೆ. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಫೈಲುಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿ ಟಿಟಿಜಿ ಬರೆದುಕೊಟ್ಟರು. 200 ದಾಟಿತ್ತು. ಎಂಡೋಸ್ಕೋಪಿಯಲ್ಲಿ ಖಚಿತವಾಯ್ತು. ಕರುಳೇ ಹೀರಿಕೊಳ್ಳದಿದ್ದರೆ ಮಾತ್ರೆ ಏನು ಮಾಡೀತು?

ಚಪಾತಿ, ಬನ್ನು, ರವೆ ಅವತ್ತೇ ಬಿಟ್ಟೆ. ದೊಡ್ಡಮ್ಮ ನಂಬಲಿಲ್ಲ. "ಮುದ್ದೆ ತಿನ್ನೋ ಮನೆಯೋನಿಗೆ ಗೋಧಿ ಕಾಯಿಲೆ ಎಲ್ಲಿಂದ ಬಂತೋ?" ಅಂದರು. ಆರು ತಿಂಗಳಾದ ಮೇಲೂ ಟಿಟಿಜಿ ತೊಂಬತ್ತು. ಇಂಗಿನ ಡಬ್ಬಿ ತಿರುಗಿಸಿ ಓದಿದರೆ ಅದರಲ್ಲೂ ಗೋಧಿ ಹಿಟ್ಟು, ತೆಗೆದಿಟ್ಟೆ. ಗ್ಲುಟೆನ್ ಇಲ್ಲದ ಪ್ಯಾಕೆಟ್ ಹಿಟ್ಟು ತರಿಸಿ ನಾಲ್ಕು ತಿಂಗಳಲ್ಲಿ ಹನ್ನೊಂದು ಸಾವಿರ ಕಳೆದೆ. ಅದು ಬರೀ ಪಿಷ್ಟ, ಶುಗರ್ ಇನ್ನೂ ಏರಿತು. ಶುಗರ್ ನೋಡೋ ಸ್ಟ್ರಿಪ್‌ಗಳಿಗೇ ತಿಂಗಳಿಗೆ ಎರಡೂವರೆ ಮೂರು ಸಾವಿರ ಬೇಕು, ಎಲ್ಲಿಂದ ತರೋದು?

ಉತ್ತರ ಸಿಕ್ಕಿದ್ದು ಫ್ಲೋರ್ ಮಿಲ್ಲಿನಲ್ಲಿ. ಒಂದು ಭಾನುವಾರ ನನ್ನ ಮುಂದಿದ್ದವರ ಗೋಧಿ ಮುಗಿದ ಕೂಡಲೇ ಅದೇ ಮಿಷನ್ನಿಗೆ ನನ್ನ ರಾಗಿ ಸುರಿದರು. ಬಟ್ಟೆಯ ಬಾಯಿಂದ ಮೊದಲು ಉದುರಿದ ಹಿಟ್ಟು ಕೆನೆ ಬಣ್ಣ. ಒಂದು ಚಿಟಿಕೆ ತಗೊಂಡು ನೀರು ಹಾಕಿ ಬೆರಳಲ್ಲಿ ಕಲಸಿದೆ. ರಾಗಿಯಾದರೆ ಪುಡಿಪುಡಿಯಾಗಿ ಮುರಿಯಬೇಕು. ಇದು ಎಳೆ ಬಿಟ್ಟಿತು, ಅಂದ್ರೆ ಗೋಧಿ ಬೆರೆತಿತ್ತು.

ಚೀಟಿ ಎತ್ತಿ ಹದಿನೇಳು ಸಾವಿರಕ್ಕೆ ಮನೆಗೇ ಸಣ್ಣ ಮಿಷನ್ ತಂದೆ. ಕಿಲೋಗೆ ಆರೇಳು ರೂಪಾಯಿಗೆ ಆಗೋ ಕೆಲಸಕ್ಕೆ ಇಷ್ಟು ದುಡ್ಡಾ ಅಂತ ಅಪ್ಪ ವಾರ ಮಾತಾಡಲಿಲ್ಲ. ಮೊದಲ ಸಲ ತೊಳೆದ ರಾಗಿ ಸರಿಯಾಗಿ ಒಣಗಿರಲಿಲ್ಲ, ಒಳಗೆಲ್ಲ ಮೆತ್ತಿಕೊಂಡು ಮೋಟರ್ ಸುಟ್ಟ ವಾಸನೆ ಬಂತು. ರಿಪೇರಿಗೆ ಸಾವಿರದ ಇನ್ನೂರು. ಈಗ ಮಾಳಿಗೆ ಮೇಲೆ ಪೂರ್ತಿ ಎರಡು ಬಿಸಿಲು ಕೊಡ್ತೀನಿ. ರಾಗಿಯೂ ಅಂಗಡಿ ಚೀಲದ್ದಲ್ಲ, ಊರಿನ ಕಣದಿಂದಲೇ ಬರುತ್ತೆ. ಆದರೂ ಜರಡಿ ಹಿಡೀತೀನಿ, ಗೋಧಿ ಕಾಳು ದಪ್ಪ, ಮೇಲೇ ಉಳಿಯುತ್ತೆ.

ಹತ್ತು ತಿಂಗಳಿಗೆ ಟಿಟಿಜಿ ಇಪ್ಪತ್ತರ ಒಳಗೆ. ಬೆಂಗಳೂರಿನ ಡಾಕ್ಟರು ಥೈರಾಯ್ಡ್ ಮಾತ್ರೆಯನ್ನ 100ಕ್ಕೆ ಇಳಿಸಿದರು. ತಿಂದದ್ದು ಮೈಗೆ ಹತ್ತೋಕೆ ಶುರುವಾದ ಮೇಲೆ ಇನ್ಸುಲಿನ್ ಏಳೆಂಟು ಯೂನಿಟ್ ಜಾಸ್ತಿ ಬೇಕಾಯ್ತು. ಮೊದಲು ಗಾಬರಿಯಾದೆ, ಅದು ಒಳ್ಳೇ ಲಕ್ಷಣ ಅಂತ ಆಮೇಲೆ ತಿಳೀತು. ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ 9.6 ಇದ್ದದ್ದು 7.1ಕ್ಕೆ ಇಳೀತು. ಅದೇ ಡಾಕ್ಟರು ನನ್ನ ಜರಡಿ ಉಪಾಯವನ್ನ ಕೇಳಿ ಬರೆದುಕೊಂಡರು.

ಈ ನಡುವೆ ಇನ್ನೊಂದು ನೋಡಿದೆ. ಬಸ್ಸಾರಿನ ಹುರುಳಿಕಾಳು ಪಲ್ಯ ಮೊದಲು ತಿಂದು ಮುದ್ದೆ ಆಮೇಲೆ ತಿಂದರೆ, ಎರಡು ಗಂಟೆ ನಂತರದ ಶುಗರ್ ಮೂವತ್ತು ನಲವತ್ತು ಕಮ್ಮಿ. ಹನ್ನೊಂದು ದಿನ ಬರೆದಿಟ್ಟಿದ್ದೀನಿ. ಮಂಡಿಗೆ ಬೇಗ ಹೋಗಬೇಕಾದ್ದರಿಂದ ಥೈರಾಯ್ಡ್ ಮಾತ್ರೆ ಬೆಳಗಿನ ಜಾವ ನಾಲ್ಕಕ್ಕೆ, ಹಾಲು ಹಾಕಿದ ಟೀ ಐದರ ಮೇಲೆ, ಐರನ್ ಮಾತ್ರೆ ಮಧ್ಯಾಹ್ನ; ಇವು ಜೊತೆಗೆ ಹೋದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ರಾಗಿ ರೊಟ್ಟಿ ಮುರಿಯದ ಹಾಗೆ ಹಿಟ್ಟಿಗೆ ಬೆರೆಸೋದು ಏನು ಅನ್ನೋದು ಮಾತ್ರ ಅಮ್ಮನ ಸೊತ್ತು, ಇಲ್ಲಿ ಬರೆಯೊಲ್ಲ.

ಹೋದ ತಿಂಗಳು ದೊಡ್ಡಮ್ಮನೂ ತೊಳೆದು ಒಣಗಿಸಿದ ರಾಗಿ ಹೊತ್ತುಕೊಂಡು ಬಂದರು. ಒಂದೊಂದು ಹಿಡಿಯನ್ನೂ ಜರಡಿ ಹಿಡಿದೇ ಮಿಷನ್ನಿಗೆ ಹಾಕಿದೆ.