ಆಲಾಪವೂ ಕೇಳಿಸಬೇಕು, ಕೆಳಗಿನ ಮನೆಯವರೂ ಮಲಗಬೇಕು

ಹಿಂದೂಸ್ತಾನಿ ಕಛೇರಿಯ ಲೈವ್ ರೆಕಾರ್ಡಿಂಗ್ ಕೇಳುವವರಿಗೆಲ್ಲ ಈ ಕಷ್ಟ ಗೊತ್ತು. ವಿಲಂಬಿತ ಖಯಾಲ್, ಅಂದರೆ ನಿಧಾನ ಲಯದ ಹಾಡು ಶುರುವಾದಾಗ ಗಾಯಕರು ಮಂದ್ರದಲ್ಲಿ, ಕೆಳಗಿನ ಸ್ಥಾಯಿಯಲ್ಲಿ, ಮೆಲ್ಲಗೆ ಆಲಾಪದ ಸ್ವರ ಹಚ್ಚುತ್ತಿರುತ್ತಾರೆ. ಸರಿಯಾಗಿ ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ. ಆಮೇಲೆ ವೇಗದ ದ್ರುತ ಬರುತ್ತದೆ. ಮೇಲಿನ ಸ್ಥಾಯಿಯಲ್ಲಿ ವೇಗವಾಗಿ ಓಡುವ ತಾನ್, ತಬಲಾದಲ್ಲಿ ಮೂರು ಸಲ ಬಾರಿಸುವ ಮುಕ್ತಾಯದ ತಿಹಾಯಿ, ಅದರ ಮೇಲೆ ಸಭೆಯ ಚಪ್ಪಾಳೆ. ರಿಮೋಟ್ ಎಲ್ಲಿ ಅಂತ ತಡಕಾಡುವಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ: "ಸ್ವಲ್ಪ ಕಮ್ಮಿ ಮಾಡೋ!"

ನನಗೆ ಹಾಡು ಕೇಳಲು ಬಿಡುವು ಸಿಗುವುದು ರಾತ್ರಿ ಹತ್ತರ ಮೇಲೆ. ಬೆಂಗಳೂರಿನ ಫ್ಲ್ಯಾಟು, ಗೋಡೆ ತೆಳು. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸುತ್ತಲಿನ ವಾತಾವರಣದ ಶಬ್ದಕ್ಕೆ ಮಿತಿ 45 ಡೆಸಿಬೆಲ್. ಆದರೆ ನಾನು ಹೆದರುವುದು ನಿಯಮಕ್ಕಲ್ಲ, ಕೆಳಗಿನ ಮನೆಯವರಿಗೆ. "ಏನ್ ಸಾರ್, ನಿಮ್ಮನೇಲಿ ತಬಲಾ ಕ್ಲಾಸ್ ಶುರುವಾಯ್ತಾ?" ಅಂತ ಲಿಫ್ಟಿನಲ್ಲಿ ನಗುನಗುತ್ತಲೇ ಕೇಳಿದ್ದರು. ಅಂದರೆ ಜೋರು ದನಿಗೆ ಒಂದು ಮೇಲ್ಮಿತಿ ಇದ್ದೇ ಇದೆ, ಅದನ್ನು ದಾಟುವಂತಿಲ್ಲ. ನನ್ನ ಕೈಲಿರುವುದು ತಳ ಮಾತ್ರ. ಅಂದರೆ ರೂಮಿನ ಗದ್ದಲ.

ಸಿಡಿಯಲ್ಲಿ ಸುಮಾರು 96 ಡೆಸಿಬೆಲ್ ಏರಿಳಿತಕ್ಕೆ ಜಾಗ ಇದೆ. ಮನೆಯಲ್ಲಿ ಅಷ್ಟು ಯಾರಿಗೆ ಬೇಕು? ರೂಮಿನ ಗದ್ದಲ 40ರ ಹತ್ತಿರ ಇದ್ದು, ರಾತ್ರಿ ರೂಮಿನೊಳಗೆ ಹಾಡು 70ಕ್ಕಿಂತ ಮೇಲೆ ಹೋಗಬಾರದು ಅಂದರೆ ಉಳಿಯುವುದು 30 ಅಷ್ಟೇ. ಅದಕ್ಕೇ ಕಂಪ್ರೆಸರ್ (ಜೋರು ದನಿಯನ್ನು ತಾನೇ ತಗ್ಗಿಸಿ ಏರಿಳಿತ ಕುಗ್ಗಿಸುವ ಸೌಲಭ್ಯ) ಮುಟ್ಟುವ ಮುಂಚೆ ನಾನು ಮೊದಲು ನೋಡಿದ್ದು ಫ್ಯಾನು.

ಫೋನಿನ ಸೌಂಡ್ ಮೀಟರ್ ಆ್ಯಪ್ ತೋರಿಸುವ ಅಂಕಿ ಅಷ್ಟು ನಿಖರವಲ್ಲ. ಆದರೆ ಎರಡು ಅಳತೆಗಳ ನಡುವಿನ ವ್ಯತ್ಯಾಸ ನೋಡಲು ಸಾಕು. ಸೀಲಿಂಗ್ ಫ್ಯಾನ್ ಮೂರರಿಂದ ಒಂದಕ್ಕೆ ಇಳಿಸಿದರೇ ಮುಳ್ಳು ಚೆನ್ನಾಗಿ ಕೆಳಗೆ ಬಂತು. ರಸ್ತೆ ಕಡೆಯ ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದೆ. ಅಡುಗೆಮನೆ ಬಾಗಿಲು ಹಾಕಿದರೆ ಫ್ರಿಜ್ಜಿನ ಗುಂಯ್ ಕೂಡ ಹೋಗುತ್ತದೆ. ನನ್ನ ಪರೀಕ್ಷೆ ಸರಳ: ಗಾಯಕರು ಉಸಿರು ತೆಗೆದುಕೊಳ್ಳುವಾಗ ತಂಬೂರಿಯ ಮಂದ್ರ ಷಡ್ಜದ ತಂತಿ ಕೇಳಿಸುತ್ತಾ? ಕೇಳಿಸಿದರೆ ತಳ ಸರಿಯಾಗಿದೆ. ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ತಪಸ್ಸೇ, ಒಪ್ಪುತ್ತೇನೆ.

ಎರಡನೆಯದು ಬಿಟ್ಟಿ ಉಪಾಯ, ಜನ ಯಾಕೋ ಮಾಡುವುದೇ ಇಲ್ಲ. ಸ್ಪೀಕರ್ ಹತ್ತಿರ ಕೂತುಕೊಳ್ಳಿ. ದೂರ ಅರ್ಧ ಆದರೆ ಸ್ಪೀಕರಿನಿಂದ ನೇರ ಬರುವ ಶಬ್ದ 6 ಡೆಸಿಬೆಲ್ ಜಾಸ್ತಿ ಆಗುತ್ತದೆ. ಗೋಡೆಗೆ ತಾಗಿ ಬರುವ ಶಬ್ದವೂ ಇರುವುದರಿಂದ ಮನೆಯೊಳಗೆ ಲಾಭ ಅಷ್ಟು ಪೂರ್ತಿ ಸಿಗಲ್ಲ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮ ಕಿವಿಗೆ ಜಾಸ್ತಿ, ಕೆಳಗಿನವರಿಗೆ ಮೊದಲಿನಷ್ಟೇ. ರಾತ್ರಿ ನಾನು ಸೋಫಾ ಬಿಟ್ಟು ಮಣೆ ಹಾಕಿಕೊಂಡು ಸ್ಪೀಕರಿನಿಂದ ಒಂದು ಮೀಟರಿನಷ್ಟು ದೂರದಲ್ಲಿ ಕೂರುತ್ತೇನೆ.

ಇಷ್ಟಾದ ಮೇಲೆ ಕಂಪ್ರೆಸರ್. ನಾನು ಬಳಸುವುದು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಇರುವುದನ್ನೇ. ಅದು ಮೊದಲೇ ಇಟ್ಟುಕೊಟ್ಟಿರುವ 4:1 ಅನುಪಾತ, ಅಂದರೆ ಮಿತಿ ದಾಟಿದ 4 ಡೆಸಿಬೆಲ್ಲನ್ನು 1ಕ್ಕೆ ಇಳಿಸುವುದು, ಖಯಾಲ್‌ಗೆ ತೀರಾ ಗಡುಸು. ಜೋರು ಜಾಗವನ್ನು ಮಾತ್ರ ಹಿಡಿದು ಹಿಚುಕುತ್ತದೆ. ಅದರ ಬದಲು ತ್ರೆಶೋಲ್ಡನ್ನು (ಕಂಪ್ರೆಸರ್ ಕೆಲಸ ಶುರುಮಾಡುವ ಮಟ್ಟ; ಇಲ್ಲಿ ಸೊನ್ನೆ ಅಂದರೆ ಅತಿ ಜೋರು) ಮೈನಸ್ 30ಕ್ಕೆ ಇಳಿಸಿ, ಅನುಪಾತ 1.5:1 ಮಾಡಿದೆ. ಲೆಕ್ಕ ಹೀಗೆ: ಮೈನಸ್ 30ರಿಂದ ಸೊನ್ನೆವರೆಗಿನ 30 ಡೆಸಿಬೆಲ್ 20ಕ್ಕೆ ಕುಗ್ಗುತ್ತದೆ. ಮೈನಸ್ 40ರಲ್ಲಿರುವ ಮೆಲು ದನಿಗೂ ಜೋರಿಗೂ ಮೊದಲು 40ರ ಅಂತರವಿತ್ತು, ಈಗ 30. ಕುಗ್ಗಿಸಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಏರಿಸುವ ಮೇಕಪ್ ಗೇನ್ 6 ಕೊಟ್ಟರೆ ಆಲಾಪ ಅಷ್ಟು ಮೇಲೇಳುತ್ತದೆ, ತಾನ್ ಮೊದಲಿಗಿಂತ ಸ್ವಲ್ಪ ಕೆಳಗೇ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ರಿಲೀಸ್, ಅಂದರೆ ಜೋರು ದನಿ ನಿಂತ ಮೇಲೆ ಕಂಪ್ರೆಸರ್ ಹಿಡಿತ ಬಿಡಲು ತೆಗೆದುಕೊಳ್ಳುವ ಸಮಯ. ಇದು 100 ಮಿಲಿಸೆಕೆಂಡಿನಷ್ಟು ಕಡಿಮೆ ಇದ್ದರೆ ಏನಾಗುತ್ತೆ ಗೊತ್ತಾ? ತಾನ್ ನಿಂತ ಕ್ಷಣವೇ ಕಂಪ್ರೆಸರ್ ಕೈಬಿಡುತ್ತದೆ, ತಂಬೂರಿ ಭುಸ್ಸನೆ ಮೇಲೇಳುತ್ತದೆ. ಮತ್ತೆ ಹಾಡು ಶುರುವಾದರೆ ಮುಳುಗುತ್ತದೆ. ತಿದಿ ಒತ್ತಿದ ಹಾಗೆ. ಒಮ್ಮೆ ಇದು ಕಿವಿಗೆ ಬಿತ್ತು ಅಂದರೆ ಆಮೇಲೆ ಹಾಡು ಕೇಳಿಸಲ್ಲ, ಅದೇ ಕೇಳಿಸುತ್ತೆ. ರಿಲೀಸನ್ನು ಅದರ ಸ್ಲೈಡರಿನ ಕೊನೆಗೆ, 800ರವರೆಗೆ ತಳ್ಳಿದ ಮೇಲೆ ತಂಬೂರಿ ತನ್ನ ಪಾಡಿಗೆ ತಾನು ನಿಂತಿತು. ಕರ್ನಾಟಕ ಕಛೇರಿಯ ತನಿ ಆವರ್ತನಕ್ಕೆ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಅಟ್ಯಾಕ್, ಅಂದರೆ ಕಂಪ್ರೆಸರ್ ಹಿಡಿಯಲು ತೆಗೆದುಕೊಳ್ಳುವ ಸಮಯವನ್ನೂ ಸ್ವಲ್ಪ ನಿಧಾನ ಮಾಡುತ್ತೇನೆ, ಇಲ್ಲದಿದ್ದರೆ ಮೃದಂಗದ ಪೆಟ್ಟಿನ ಮೊನೆ ಸವೆದು ಹೋಗುತ್ತದೆ.

ಹಾಡು ಕೇಳುವ ಆ್ಯಪ್‌ಗಳಲ್ಲಿರುವ ವಾಲ್ಯೂಮ್ ನಾರ್ಮಲೈಸೇಶನ್ ಈ ಕೆಲಸ ಮಾಡುತ್ತೆ ಅಂತ ಹಲವರು ಅಂದುಕೊಂಡಿದ್ದಾರೆ. ಅದು ಒಂದು ಹಾಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸರಿಮಾಡುತ್ತದೆ. ಒಂದೇ ಹಾಡಿನೊಳಗಿನ ಏರಿಳಿತಕ್ಕೆ ಅದರಿಂದ ಉಪಯೋಗ ಇಲ್ಲ.

ಇನ್ನೊಂದು ತೊಡಕು ಕಿವಿಯದ್ದೇ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ತೋರಿಸಿದ ಹಾಗೆ, ದನಿ ತಗ್ಗಿಸಿದಾಗ ಉಳಿದದ್ದಕ್ಕಿಂತ ಮೊದಲು ಬೇಸ್ ಮಾಯವಾಗುತ್ತದೆ. ತಬಲಾದ ಡಗ್ಗಾ (ಎಡಗೈಯ ದೊಡ್ಡ ವಾದ್ಯ) ಇದೆಯೋ ಇಲ್ಲವೋ ಅನ್ನಿಸುತ್ತದೆ. ಹಳೇ ಆಂಪ್ಲಿಫೈಯರ್‌ಗಳಲ್ಲಿ ಲೌಡ್‌ನೆಸ್ ಅಂತ ಗುಂಡಿ ಇರುತ್ತಿದ್ದದ್ದು ಇದಕ್ಕೇ. ನಾನು ಈಕ್ವಲೈಜರಿನಲ್ಲಿ 100 ಹರ್ಟ್ಜ್ ಸುತ್ತಮುತ್ತ ಮೂರ್ನಾಲ್ಕು ಡೆಸಿಬೆಲ್ ಏರಿಸುತ್ತೇನೆ. ಅದಕ್ಕಿಂತ ಜಾಸ್ತಿ ಬೇಡ. ಗೋಡೆ, ನೆಲ ದಾಟಿ ಹೋಗುವುದು ಬೇಸೇ ಅಲ್ವಾ. ಸ್ಪೀಕರನ್ನು ನೆಲದಿಂದೆತ್ತಿ ಸ್ಟ್ಯಾಂಡ್ ಮೇಲೆ ಇಟ್ಟು, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ಲಿಫ್ಟಿನಲ್ಲಿ ತಬಲಾ ಮಾತು ಬಂದಿಲ್ಲ.

ಹೆಡ್‌ಫೋನ್ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತಲ್ಲ, ಎರಡು ಗಂಟೆಯ ಕಛೇರಿಗೆ ಕಿವಿ ಬೆವರುತ್ತದೆ. ಅಮ್ಮನೂ ಜೊತೆಗೆ ಕೂತು ಕೇಳುವ ದಿನ ಅದು ಆಗುವ ಮಾತಲ್ಲ.

ಹಗಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಂಪ್ರೆಸರ್ ಆಫ್. ಕಾರಿಗೆ ಮಾತ್ರ ಬೇರೆ ಪ್ರತಿ ಮಾಡಿಟ್ಟುಕೊಂಡಿದ್ದೇನೆ, 3:1ರಲ್ಲಿ ಒತ್ತಿ, ಚಪ್ಪಾಳೆಗಳನ್ನು ಕೈಯಾರೆ ತಗ್ಗಿಸಿ. ಹೆದ್ದಾರಿಯಲ್ಲಿ ಟೈರಿನ ಸದ್ದಿಗೆ ಮಂದ್ರದ ಆಲಾಪ ಅದಿಲ್ಲದೆ ಎಲ್ಲಿ ಕೇಳಿಸಬೇಕು?