ಹಳೇ ಜಾಕಿನಲ್ಲಿ ನಾಜಲ್ ಟೆಸ್ಟಿಂಗ್: ನನ್ನ ಅನುಭವ

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ, ರೋಬಸ್ಟಾ ಕಾಫಿಗೆ ನೀರು ಹೊಡೆಯುವ ಹೊತ್ತಿಗೆ ಸರಿಯಾಗಿ, ನಮ್ಮ ಮೂರು ಸಿಲಿಂಡರಿನ ಪಂಪ್‌ಸೆಟ್ ಕರಿ ಹೊಗೆ ಉಗುಳಲು ಶುರು ಮಾಡಿತು. ನೀರಿನ ಲೈನಿನ ತುದಿಯ ಸ್ಪ್ರಿಂಕ್ಲರ್ ಜೆಟ್‌ಗಳು ತಿರುಗುವುದೇ ಇಲ್ಲ. ಆ ಸಮಯದಲ್ಲಿ ಹಾಸನದ ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಅಂಗಡಿಗಳ ಮುಂದೆ ಎಷ್ಟು ಕ್ಯೂ ಇರುತ್ತದೆ ಅಂತ ಸಕಲೇಶಪುರ ಕಡೆಯ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಎಲ್ಲರ ಇಂಜಿನ್ನೂ ಅದೇ ವಾರ ಕೆಡುತ್ತದೆ.

ಅದರ ಹಿಂದಿನ ವರ್ಷ ಒಂದು ಕಡೆ ಮೂರು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ; ಅದರ ತುದಿಯ ತೂತಿನ ಮೂತಿಯೇ ನಾಜಲ್) ಕೊಟ್ಟು, ಐದು ದಿನ ಕಾದು, ಹತ್ತಿರ ಹತ್ತಿರ 4,000 ರೂಪಾಯಿ ತೆತ್ತು ತಂದಿದ್ದೆ. ಮೂರಕ್ಕೂ ಹೊಸ ನಾಜಲ್ ಅಂದಿದ್ದರು. ಈಗ ಬಿಚ್ಚಿ ನೋಡಿದರೆ ಒಂದರ ಮೇಲೆ ನಾನೇ ಕೊರೆದಿದ್ದ ಗುರುತು ಹಾಗೇ ಇದೆ! ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮನೆಯಲ್ಲೇ.

ನನ್ನ ಬಾಮೈದ ನಕ್ಕ. "ಭಾವ, ಸುಮ್ನೆ ಕೈ ಹಾಕ್ಬೇಡಿ. ಅದು ಮೈಕ್ರಾನ್ ಲೆಕ್ಕದ ಕೆಲಸ. ದುಡ್ಡೂ ಹೋಗುತ್ತೆ, ನಾಜಲ್ಲೂ ಹೋಗುತ್ತೆ" ಅಂದ. ಮೊದಲ ಎರಡು ತಿಂಗಳು ಅವನ ಮಾತೇ ಸರಿಯಾಗಿತ್ತು ಅನ್ನಿ.

ತೊಳೆಯುವುದು ಎಲ್ಲರಿಗೂ ಬರುತ್ತದೆ. ಡೀಸೆಲ್, ಹಿತ್ತಾಳೆ ಬ್ರಷ್, ತೂತಿಗೆ ಸರಿಯಾದ ದಪ್ಪದ ತಂತಿ. ಒಂದು ನಾಜಲ್ಲಿನ ಒಳಗಿನ ಸೂಜಿ ಇನ್ನೊಂದರ ಬಾಡಿಯೊಳಗೆ ಹೋಗಬಾರದು, ಅಷ್ಟೇ. ನಾನು ಮೂರು ಹಾರ್ಲಿಕ್ಸ್ ಬಾಟಲಿ ಇಟ್ಟುಕೊಂಡಿದ್ದೇನೆ, ಸಿಲಿಂಡರಿಗೊಂದು. ಆದರೆ ಟೆಸ್ಟರ್ (ಡೀಸೆಲ್ ಒತ್ತಿ, ನಾಜಲ್ ಎಷ್ಟು ಪ್ರೆಶರಿಗೆ ಹೇಗೆ ಚಿಮ್ಮುತ್ತದೆ ಅಂತ ತೋರಿಸುವ ಕೈಪಂಪು) ಇಲ್ಲದೆ ಎಷ್ಟು ತೊಳೆದರೂ ಕಣ್ಣು ಮುಚ್ಚಿ ಬಾಣ ಬಿಟ್ಟಂತೆ. ಟೆಸ್ಟರ್ ತಗೊಳ್ಳೋಣ ಅಂದರೆ ಆಗ ಕೇಳಿದ ಬೆಲೆ 12,000ದ ಮೇಲೆ.

ನಾನೇ ಒಂದು ಮಾಡೋಣ ಅಂತ ಮೊದಲು ಗ್ರೀಸ್ ಗನ್ನಿಗೆ ಡೀಸೆಲ್ ತುಂಬಿ ನೋಡಿದೆ. ಗ್ರೀಸ್ ದಪ್ಪ, ಡೀಸೆಲ್ ತೆಳು. ಪ್ರೆಶರ್ 100 ಬಾರ್ ದಾಟುವುದರೊಳಗೆ ಎಲ್ಲಾ ಹಿಂದಿನಿಂದ ಸೋರಿ ನನ್ನ ಮೊಣಕೈ ತೋಯಿಸಿತು. ಆಮೇಲೆ ಗುಜರಿಯಲ್ಲಿ 600ಕ್ಕೆ ಒಂದು 5 ಟನ್ನಿನ ಬಾಟಲ್ ಜಾಕ್ ಸಿಕ್ಕಿತು. ರ‍್ಯಾಮ್ (ಭಾರ ಎತ್ತುವ ದಂಡ) ಕಿತ್ತು, ಆ ಜಾಗಕ್ಕೆ ಥ್ರೆಡ್ ಹಾಕಿದ ಪ್ಲಗ್ ಕೂರಿಸಿ, ಅದರಲ್ಲೇ ಪ್ರೆಶರ್ ಗೇಜಿಗೊಂದು, ಪೈಪಿಗೊಂದು ದಾರಿ ಮಾಡಿಸಿದೆ. ಲೇತ್ ಆಚಾರ್ರು 800 ತಗೊಂಡರು. "ಗೌಡ್ರೆ, ಇದು ಸಿಡಿದ್ರೆ ನನ್ ಹೆಸರು ಹೇಳ್ಬೇಡಿ" ಅಂತ ಬೇರೆ ಹೇಳಿದರು. ಮೊದಲ ಗೇಜ್ 250 ಬಾರ್‌ವರೆಗಿನದು. ನಾಜಲ್ ಬಿಡುವಾಗಿನ ಹೊಡೆತಕ್ಕೆ ಮುಳ್ಳು ಒಂದೇ ವಾರದಲ್ಲಿ ಬಾಗಿತು. ಈಗ 400 ಬಾರ್‌ನ ಗ್ಲಿಸರಿನ್ ಗೇಜ್ ಇದೆ, 1,100 ರೂಪಾಯಿ ಆಯಿತು. ಮುಳ್ಳು ಕುಣಿಯದ ಹಾಗೆ ಗೇಜಿನ ಕುತ್ತಿಗೆಯಲ್ಲಿ ಒಂದು ಸಣ್ಣ ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ಕಾಫಿ ಜೊತೆ ತೋರಿಸುತ್ತೇನೆ.

ಒಂದು ಮಾತು. ಸ್ಪ್ರೇ ಎದುರು ಬೆರಳು ತರಬೇಡಿ. ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ತೆಗೆಯುವ ಸ್ಥಿತಿ ಬರಬಹುದು. ಆ ಮಂಜಿಗೆ ಬೆಂಕಿಯೂ ಬೇಗ ಹತ್ತುತ್ತದೆ. ನಾನು ಕೊಟ್ಟಿಗೆ ಹಿಂದೆ, ಬಯಲಲ್ಲೇ ಮಾಡುವುದು.

ನಮ್ಮ ಇಂಜಿನ್ನಿಗೆ ನಾಜಲ್ 200 ಬಾರ್‌ಗೆ ಬಾಯಿ ಬಿಡಬೇಕು. ಒಂದು 150ಕ್ಕೇ ಬಿಟ್ಟಿತು, ಇನ್ನೊಂದು 185. ಮೂರನೆಯದು 195ರಲ್ಲಿ ಚೆನ್ನಾಗಿ ಚಿಮ್ಮಿತು. ಅದೇ ಒಳ್ಳೇದು ಅಂದುಕೊಂಡೆ. ಅದೇ ಕಳ್ಳ! 180ಕ್ಕೆ ಹಿಡಿದು ನಿಲ್ಲಿಸಿದರೆ, ಹತ್ತು ಎಣಿಸುವುದರೊಳಗೆ ತುದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿತು. ಹೊಗೆಯ ಒಂದು ಮೂಲ ಅದು. ಸ್ಪ್ರೇ ಚಂದ ಕಂಡಿತು ಅಂತ ಪಾಸ್ ಮಾಡುವವರು ಈ ಹನಿಯನ್ನು ನೋಡುವುದೇ ಇಲ್ಲ. ತುದಿಯಿಂದ ಗೇಣು ದೂರದಲ್ಲಿ ಹಳೇ ಪೇಪರ್ ನಿಲ್ಲಿಸಿ ಒಂದು ಸಲ ಹೊಡೆಯಿರಿ. ನಾಲ್ಕು ತೂತಿನ ನಾಜಲ್ ಆದರೆ ನಾಲ್ಕು ಕಲೆ ಒಂದೇ ಅಳತೆಯಲ್ಲಿ ಬೀಳಬೇಕು. ನನ್ನ 150ರದ್ದರಲ್ಲಿ ಮೂರು ಕಲೆ ಸರಿ, ನಾಲ್ಕನೆಯದು ಎಲೆಅಡಿಕೆ ಉಗಿದ ಹಾಗೆ. ಸರಿ ಇರುವ ನಾಜಲ್ ನಿಧಾನವಾಗಿ ಒತ್ತಿದರೆ ಹೊಸ ಚಪ್ಪಲಿಯಂತೆ ಕಿರ್ ಕಿರ್ ಅನ್ನುತ್ತದೆ. ಆ ಶಬ್ದ ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ.

ಸೋರುವ ಸೀಟಿಗೆ (ಸೂಜಿಯ ತುದಿ ಕೂತು ಡೀಸೆಲ್ ತಡೆಯುವ ಜಾಗ) ವಾಲ್ವ್ ತಿಕ್ಕುವ ಪೇಸ್ಟ್ ಹಾಕಿ ತಿಕ್ಕಿದೆ. ಪೆದ್ದ ಕೆಲಸ. ಸೂಜಿ ಲೂಸಾಗಿ ಬ್ಯಾಕ್ ಲೀಕ್ (ಡೀಸೆಲ್ ಸೂಜಿಯ ಪಕ್ಕದಿಂದ ಹಿಂದಕ್ಕೆ ಸೋರುವುದು) ಶುರುವಾಯಿತು, 900 ರೂಪಾಯಿ ನಾಜಲ್ ಗುಜರಿಗೆ. ಇನ್ನೊಂದನ್ನು ಹುಣಸೆ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಮನೆಯವಳು ಹುಣಸೆ ಹಚ್ಚಿ ಹಿತ್ತಾಳೆ ಚೊಂಬನ್ನು ಬಂಗಾರದಂತೆ ಮಾಡುತ್ತಾಳಲ್ಲ, ಅದನ್ನು ನೋಡಿ ಬಂದ ಬುದ್ಧಿ. ಮಸಿ ಬಿಟ್ಟಿತು ನಿಜ, ಸೂಜಿಯ ತುದಿಯಲ್ಲಿ ತುಕ್ಕಿನ ಚುಕ್ಕಿ ಎದ್ದಿತ್ತು. ಅದೂ ಹೋಯಿತು. ಸೀಮೆಎಣ್ಣೆ, ಥಿನ್ನರ್ ಎರಡನ್ನೂ ನೋಡಿದೆ, ಅಂಥ ವ್ಯತ್ಯಾಸವಿಲ್ಲ. ಕೊನೆಗೆ ಕೈ ಹಿಡಿದದ್ದು ಕನ್ನಡಕದ ಅಂಗಡಿಯವರು ಇಡುವ ಅಲ್ಟ್ರಾಸೋನಿಕ್ ಡಬ್ಬಿ (ನೀರನ್ನು ಕಂಪಿಸಿ ಕೊಳೆ ಬಿಡಿಸುವುದು), 2,800 ರೂಪಾಯಿ. ಬಿಸಿ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ನಾಲ್ಕು ಸುತ್ತು. ತೆಗೆದ ತಕ್ಷಣ ಡೀಸೆಲ್ಲಿಗೆ ಹಾಕಬೇಕು, ಇಲ್ಲದಿದ್ದರೆ ತುಕ್ಕು. ಸೀಟಿಗೆ ಈಗ ಏನು ಹಾಕುತ್ತೇನೆ ಅನ್ನುವುದು ನನ್ನ ಎರಡನೇ ಗುಟ್ಟು.

ಎಲ್ಲಾ ತೊಳೆದು ಡೀಸೆಲ್ಲಿನಲ್ಲಿ ಅದ್ದಿ, ಸೂಜಿಯನ್ನು ಮೂರನೇ ಒಂದು ಭಾಗ ಎಳೆದು ಓರೆಯಾಗಿ ಹಿಡಿದರೆ ತನ್ನ ಭಾರಕ್ಕೆ ತಾನೇ ಜಾರಬೇಕು. ಒಮ್ಮೆ ಅರ್ಧಕ್ಕೇ ನಿಂತಿತು. ಭೂತಗನ್ನಡಿ ಹಿಡಿದು ನೋಡಿದರೆ ಬನಿಯನ್ ಬಟ್ಟೆಯ ಒಂದೇ ಒಂದು ಎಳೆ! ಅವತ್ತಿನಿಂದ ಬಟ್ಟೆ ಮುಟ್ಟಿಸುವುದಿಲ್ಲ, ಟೆಸ್ಟಿಂಗ್ ಡೀಸೆಲ್ಲನ್ನೂ ಫಿಲ್ಟರಿನಲ್ಲೇ ಸೋಸುತ್ತೇನೆ. ನಾಜಲ್ ಬಿಡುವ ಪ್ರೆಶರನ್ನು ಶಿಮ್‌ನಲ್ಲಿ (ಸ್ಪ್ರಿಂಗಿಗೆ ಕೊಡುವ ತೆಳು ಬಿಲ್ಲೆ) ಸರಿಮಾಡಿದೆ. 0.05 ಮಿ.ಮೀ. ದಪ್ಪದ ಒಂದು ಶಿಮ್‌ಗೆ ನಮ್ಮದರಲ್ಲಿ ಐದಾರು ಬಾರ್ ಏರುತ್ತದೆ.

ಇಷ್ಟಾದರೂ ಮೊದಲ ಸಲ ಫಿಟ್ ಮಾಡಿದಾಗ ಹೊಗೆ ಹೋಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ನೋಡಿದರೆ ಎರಡನೇ ಸಿಲಿಂಡರಿನ ಇಂಜೆಕ್ಟರ್ ಕೆಳಗಿನ ಹಳೇ ತಾಮ್ರದ ವಾಷರ್ ತೂತಿನ ತಳದಲ್ಲೇ ಕಚ್ಚಿಕೊಂಡು ಕೂತಿತ್ತು. ಮಸಿ ಬಳಿದುಕೊಂಡು ಹೆಡ್ಡಿನ ಬಣ್ಣವೇ ಆಗಿತ್ತು. ಅದರ ಮೇಲೆ ನಾನು ಇನ್ನೊಂದು ಹಾಕಿದ್ದೆ. ನಾಜಲ್ ಅಷ್ಟು ಮೇಲೆ ಕೂತರೆ ಸ್ಪ್ರೇ ಬೀಳಬೇಕಾದ ಕಡೆ ಬೀಳುತ್ತಾ? ಥ್ರೆಡ್ ಕೊರೆಯುವ ಟ್ಯಾಪನ್ನು ವಾಷರಿಗೆ ತಿರುಗಿಸಿ ಎಳೆದು ತೆಗೆದೆ.

ಆಮೇಲೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ತುದಿಯಲ್ಲಿ ಹೊಗೆ ಇದೆಯೋ ಇಲ್ಲವೋ ಅನ್ನುವಷ್ಟು. ಮೊದಲು ಗಂಟೆಗೆ 6 ಲೀಟರ್ ಹತ್ತಿರ ಕುಡಿಯುತ್ತಿತ್ತು, ಈಗ 5 ಚಿಲ್ಲರೆ. ಹಾಳಾದ ಎರಡು ನಾಜಲ್ಲೂ ಸೇರಿ ಒಟ್ಟು 8,000ದ ಹತ್ತಿರ ಖರ್ಚು. ಈಗ ಎರಡು ಸೀಸನ್ ಆಯಿತು, ಇಂಜೆಕ್ಟರ್ ಹಿಡಿದುಕೊಂಡು ಹಾಸನದ ದಾರಿ ತುಳಿದಿಲ್ಲ. ಕಾಮನ್ ರೈಲ್ ಗಾಡಿಯ (ಈಗಿನ ಎಲೆಕ್ಟ್ರಾನಿಕ್ ಡೀಸೆಲ್ ಇಂಜಿನ್) ಇಂಜೆಕ್ಟರಿಗೆ ಮಾತ್ರ ಇದರ ಗೊಡವೆ ಬೇಡ, ಅದರ ಪ್ರೆಶರ್ ಬೇರೆ ಲೋಕದ್ದು.

ಹೋದ ತಿಂಗಳು ಬಾಮೈದ ತನ್ನ ಟ್ರ್ಯಾಕ್ಟರಿನ ಮೂರು ಇಂಜೆಕ್ಟರ್ ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದ. ಎರಡು ಪಾಸಾದವು. ಮೂರನೆಯದಕ್ಕೆ ಹೊಸ ನಾಜಲ್ ನಾನೇ ತರಿಸಿ ಹಾಕಿದೆ, ಆ ದುಡ್ಡು ಇನ್ನೂ ಬಂದಿಲ್ಲ.