ಮದುವೆ ಫೈಲಿನ & ನನ್ನ ಸ್ಕ್ರಿಪ್ಟನ್ನು ಮುರಿದ ಕಥೆ

ಹನುಮಂತನಗರದಲ್ಲಿ ನಮ್ಮ ಭಾವನ ಫೋಟೋ ಸ್ಟುಡಿಯೋ ಇದೆ. ಮದುವೆ ಸೀಸನ್ನಿನಲ್ಲಿ ವಿಡಿಯೋಗಳನ್ನೆಲ್ಲ ವಾಟ್ಸಾಪ್‌ಗೆ ಹೋಗುವಷ್ಟು ಚಿಕ್ಕದು ಮಾಡಬೇಕು. ಅವರು ಒಂದೊಂದೇ ಕ್ಲಿಕ್ ಮಾಡುತ್ತಾ ಕೂರುವುದನ್ನು ನೋಡಲಾಗದೆ ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದುಕೊಟ್ಟೆ. ಫೈಲ್ ಹೆಸರನ್ನು ವಿಡಿಯೋ ಕುಗ್ಗಿಸುವ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಮಿನ ಕಮಾಂಡಿಗೆ ಅಂಟಿಸು, ಕಮಾಂಡ್ ಓಡಿಸುವ ಪೈಥಾನ್‌ನ ಓಎಸ್.ಸಿಸ್ಟಮ್‌ಗೆ ಕೊಡು, ಅಷ್ಟೇ. ಮನೆಯಲ್ಲಿ ಸಲೀಸಾಗಿ ಓಡಿತ್ತು.

ಬೆಳಿಗ್ಗೆ ಫೋನ್. "ರಾತ್ರಿಯೆಲ್ಲಾ ಹಾಕಿಟ್ಟಿದ್ದೆ ಕಣೋ, ಒಂದು ಫೈಲೂ ಬಂದಿಲ್ಲ!"

ಹೋಗಿ ನೋಡಿದರೆ ಫೈಲಿನ ಹೆಸರು ರಮೇಶ್&ಸುಮಾ. ಮದುವೆ ಸ್ಟುಡಿಯೋದಲ್ಲಿ & ಇಲ್ಲದ ಹೆಸರು ಎಲ್ಲಿ ಸಿಗಬೇಕು ಹೇಳಿ! ಓಎಸ್.ಸಿಸ್ಟಮ್ ನಮ್ಮ ಸಾಲನ್ನು ಹಾಗೇ ಶೆಲ್, ಅಂದರೆ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. & ಕಂಡರೆ ಶೆಲ್ ಅಲ್ಲಿಗೆ ಸಾಲನ್ನು ತುಂಡು ಮಾಡಿ, ಮೊದಲ ತುಂಡನ್ನು ಹಿನ್ನೆಲೆಗೆ ತಳ್ಳುತ್ತದೆ. ಎಫ್‌ಎಫ್‌ಎಂಪೆಗ್ ಬರೀ ರಮೇಶನನ್ನು ಹುಡುಕಿ ಕೈಚೆಲ್ಲಿದೆ. ಸುಮಾ ಅನ್ನುವ ಕಮಾಂಡೇ ಇಲ್ಲ ಎಂದು ಶೆಲ್ ಗೊಣಗಿದೆ. ವಾಪಸ್ ಬಂದ ಸಂಖ್ಯೆ 32512. ಇದೆಂಥ ಎರರ್ ಎಂದು ತಲೆ ಕೆರೆದುಕೊಂಡೆ. 256ರಿಂದ ಭಾಗಿಸಿದರೆ 127, ಅಂದರೆ 'ಕಮಾಂಡ್ ಸಿಗಲಿಲ್ಲ'. ಲಿನಕ್ಸ್‌ನಲ್ಲಿ ಓಎಸ್.ಸಿಸ್ಟಮ್ ಎಗ್ಸಿಟ್ ಕೋಡನ್ನು (ಕಮಾಂಡ್ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆ) ಕೊಡುವ ರೀತಿಯೇ ಅದು. ನನ್ನ ಸ್ಕ್ರಿಪ್ಟ್ ಆ ಸಂಖ್ಯೆಯನ್ನು ತಿರುಗಿಯೂ ನೋಡಿರಲಿಲ್ಲ.

ಹೆಸರಿನ ಸುತ್ತ ಕೋಟ್ ಹಾಕೋಣ ಅಂದುಕೊಂಡೆ. ಹೆಸರಿನೊಳಗೇ ಕೋಟ್ ಇದ್ದರೆ ಮತ್ತದೇ ಗೋಳು. ಕೊನೆಗೆ ಸಬ್‌ಪ್ರೋಸೆಸ್.ರನ್ ಹಿಡಿದೆ; ಕಮಾಂಡ್ ಓಡಿಸುವ ಇನ್ನೊಂದು ದಾರಿ, ಪೈಥಾನ್ 3.5ರಿಂದ ಇರುವಂಥದ್ದು. ಕಮಾಂಡನ್ನು ಒಂದೇ ಸಾಲಾಗಿ ಕೊಡದೆ ಲಿಸ್ಟಾಗಿ ಕೊಟ್ಟರೆ ಮಧ್ಯೆ ಶೆಲ್ಲೇ ಬರುವುದಿಲ್ಲ; ರಮೇಶ್&ಸುಮಾ ಜೋಡಿಯಾಗಿಯೇ ಹೋಗುತ್ತಾರೆ. ಅದರ ಚೆಕ್ ಎಂಬ ಸೆಟ್ಟಿಂಗನ್ನು ಟ್ರೂ ಮಾಡಿದ್ದರಿಂದ ಕೆಟ್ಟರೆ ಅಲ್ಲೇ ಕೂಗುತ್ತದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಎರರ್ ಮಾತುಗಳನ್ನೂ ಹಿಡಿದಿಡೋಣ ಅಂತ ಅದೇ ಸಬ್‌ಪ್ರೋಸೆಸ್‌ನ ಪೀಓಪನ್ ಬಳಸಿ, ಸ್ಟ್ಯಾಂಡರ್ಡ್ ಎರರನ್ನು (ಪ್ರೋಗ್ರಾಂ ತನ್ನ ದೂರುಗಳನ್ನು ಬರೆಯುವ ದಾರಿ) ಪೈಪಿಗೆ, ಅಂದರೆ ನನ್ನ ಸ್ಕ್ರಿಪ್ಟ್ ಓದಬಹುದಾದ ಕೊಳವೆಗೆ ತಿರುಗಿಸಿ, ಮುಗಿಯುವವರೆಗೆ ಕಾಯುವ ವೇಟ್ ಕರೆದೆ. ಚಿಕ್ಕ ಕ್ಲಿಪ್‌ಗಳು ಮುಗಿದವು. ಮುಹೂರ್ತದ ಉದ್ದನೆಯ ವಿಡಿಯೋ ಕೆಲವೇ ನಿಮಿಷಕ್ಕೆ ಗರಬಡಿದಂತೆ ನಿಂತಿತು. ಎಫ್‌ಎಫ್‌ಎಂಪೆಗ್ ತನ್ನ ಪ್ರಗತಿಯನ್ನೆಲ್ಲ ಸ್ಟ್ಯಾಂಡರ್ಡ್ ಎರರ್‌ಗೇ ಬರೆಯುತ್ತದೆ. ಲಿನಕ್ಸ್ ಪೈಪ್ ಸಾಮಾನ್ಯವಾಗಿ ಹಿಡಿಯುವುದು 64 ಕೆಬಿ. ಓದುವವರಿಲ್ಲ, ಬರೆಯಲು ಜಾಗವಿಲ್ಲ. ಅದು ನನಗಾಗಿ ಕಾಯುತ್ತಿದೆ, ನಾನು ಅದಕ್ಕಾಗಿ. ವೇಟ್ ಬದಲು, ಪೈಪನ್ನು ಓದುತ್ತಲೇ ಕಾಯುವ ಕಮ್ಯುನಿಕೇಟ್ ಹಾಕಿದ ಮೇಲೆ ಬಿಡುಗಡೆ.

ಹೇಳಿದ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ಗೆ ಹಾಕಿದಾಗ ಎಫ್‌ಎಫ್‌ಎಂಪೆಗ್ಗೇ ಸಿಗಲಿಲ್ಲ. ಅದು ಇರುವ ಜಾಗದ ಪೂರ್ತಿ ಪಾತ್ ಬರೆದೆ, ಸರಿಹೋಯಿತು.

"ಹೆಸರಿನಿಂದ & ತೆಗೀಬೇಕೇನೋ?" ಅಂದರು ಭಾವ.

"ಬೇಡ ಭಾವ, ಏನು ಬೇಕಾದ್ರೂ ಇಟ್ಕೊಳ್ಳಿ" ಅಂದೆ. ಮೊನ್ನೆ -ಫೈನಲ್ ಎಂದು ಅಡ್ಡಗೆರೆಯಿಂದ ಶುರುವಾಗುವ ಫೈಲ್ ಇಟ್ಟಿದ್ದಾರೆ. ಕಮಾಂಡಿನಲ್ಲಿ ಅಡ್ಡಗೆರೆ ಕಂಡರೆ ಅದನ್ನು ಹೆಸರೆನ್ನದೆ ಆಯ್ಕೆ (ಆಪ್ಷನ್) ಎಂದು ಓದಿಬಿಡಬಹುದು!